ಹಳದಿ ಮಣೂಕದ ಪೀಪಾಯಿಗಳು

ರುಚಿ ನೋಡಲು ಹೋಗುವ ದಿನ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ, ಹೂವು ಮುಡಿಯುವುದಿಲ್ಲ, ಹಿಂದಿನ ದಿನದಿಂದಲೇ ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಅವತ್ತು ನಾನು ಹೊಸ್ತಿಲು ದಾಟುವ ತನಕ ಊದಿನಕಡ್ಡಿಯನ್ನೂ ಹಚ್ಚುವಂತಿಲ್ಲ. ಇಷ್ಟೆಲ್ಲ ಮಡಿ ಮಾಡಿ ಮಗಳು ಹೋಗುವುದು ಬಿಯರಿನ ಕಾರ್ಖಾನೆಗೆ ಎಂಬುದು ನನ್ನ ತಾಯಿಗೆ ಇನ್ನೂ ಜೀರ್ಣವಾಗಿಲ್ಲ. ಬೀಗರು ನೆಂಟರು ಕೇಳಿದರೆ ಫುಡ್ ಲ್ಯಾಬಿನಲ್ಲಿದ್ದಾಳೆ ಎಂದು ಹೇಳಿ ಮಾತು ಮುಗಿಸುತ್ತಾಳೆ. ನಾನು ಕುಡಿಯುವುದಿಲ್ಲ. ಬಾಯಿಗೆ ಹಾಕಿಕೊಂಡು, ನಾಲಗೆಯ ಮೇಲೆ ಆಡಿಸಿ, ಪಕ್ಕದಲ್ಲಿಟ್ಟ ಬಕೆಟ್ಟಿಗೆ ಉಗುಳುತ್ತೇನೆ. ಉಗುಳಿದ್ದಕ್ಕೆ ಬೆಲೆ ಕಟ್ಟುತ್ತೇನೆ. ನನ್ನ ಹೊಟ್ಟೆಪಾಡು ಅದು.

ಈ ಬೇಸಿಗೆಯ ಶುರುವಿನಲ್ಲಿ ಪುಣೆಯ ಕಂಪನಿಯೊಂದರ ಖರೀದಿ ಅಧಿಕಾರಿ ಫೋನ್ ಮಾಡಿದರು. ಸೊಲ್ಲಾಪುರದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ತಿಕೋಟಾ ದಾಟಿ ಕನಮಡಿ ರಸ್ತೆಯಲ್ಲಿರುವ ಒಂದು ಸಣ್ಣ ಬ್ರೂವರಿ ತನ್ನಲ್ಲಿದ್ದ ಸ್ಟೌಟನ್ನೆಲ್ಲ ಪೀಪಾಯಿ ಸಮೇತ ಮಾರಲು ಹೊರಟಿದೆ, ಬೆಲೆ ಕಟ್ಟಿಕೊಡಬೇಕು ಎಂದರು. ಸ್ಟೌಟ್ ಎಂದರೆ ಕಪ್ಪಗೆ ಹುರಿದ ಬಾರ್ಲಿಯಿಂದ ಮಾಡುವ ದಪ್ಪನೆಯ ಕಹಿ ಬಿಯರು. ಅದನ್ನು ವೈನ್ ತುಂಬಿಟ್ಟು ತೆಗೆದ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದರೆ ಮರದ ಗುಣ, ವೈನಿನ ಗುಣ ಎರಡನ್ನೂ ಹೀರಿಕೊಳ್ಳುತ್ತದೆ. ಒಂದೇ ದಿನ ಒಂದೇ ಕೊಳವೆಯಿಂದ ತುಂಬಿದ ಎರಡು ಪೀಪಾಯಿಗಳಲ್ಲಿ ಒಂದು ಬಂಗಾರವಾಗಬಹುದು, ಇನ್ನೊಂದು ಹುಳಿಯಾಗಿ ಹೋಗಬಹುದು. ಹಾಗಾಗಿ ಪ್ರತಿಯೊಂದನ್ನೂ ಬೇರೆ ಬೇರೆ ನೋಡಿ ಪೂರ್ತಿ ದರ, ಅರ್ಧ ದರ, ಚರಂಡಿ ಎಂದು ಮೂರು ಗುಂಪು ಮಾಡಿಕೊಡಬೇಕು.

ಕನಮಡಿ ರಸ್ತೆ ಎಂದಾಗಲೇ ನನ್ನ ಕಿವಿ ನೆಟ್ಟಗಾಗಿತ್ತು. ಮಾಲೀಕರು ಯಾರೆಂದು ಕೇಳಿದೆ. ಅವರು ಹೇಳಿದರು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ಇನ್ನೊಮ್ಮೆ ಹೇಳಿಸಿದೆ. ಆ ಮನುಷ್ಯನ ಮಾಲು ನನ್ನ ನಾಲಗೆಯ ಕೆಳಗೆ ಬರುತ್ತಿದೆ ಎಂಬ ಮಾತು ಅಷ್ಟು ಹಿತವಾಗಿತ್ತು.

ಆ ಬ್ರೂವರಿಯ ಪೀಪಾಯಿ ಕೋಣೆಯನ್ನು ಕಟ್ಟಿ ನಿಲ್ಲಿಸಿದವಳು ನಾನು. ಮಾಲೀಕರದು ಹಳೆಯ ಮಣೂಕದ ವ್ಯಾಪಾರ. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಎನ್ನುತ್ತಾರೆ. ಎಲ್ಲರೂ ಅವರನ್ನು ಕರೆಯುವುದು ಸಾವ್ಕಾರ್ರು ಎಂದೇ. ಮಣೂಕ ಇಡುತ್ತಿದ್ದ ಕೋಲ್ಡ್ ಸ್ಟೋರೇಜೊಂದನ್ನು ಖಾಲಿ ಮಾಡಿಸಿ ಪೀಪಾಯಿಗಳಿಗೆ ಬಿಟ್ಟುಕೊಟ್ಟರು. ಸ್ಟೌಟನ್ನು ನಮ್ಮ ನೆಲದ ಮಣೂಕ ಹಾಕಿ ಮಲಗಿಸೋಣ ಎಂಬುದು ನನ್ನ ಆಲೋಚನೆ. ಬಬಲೇಶ್ವರದ ಆಚೆ ನಿಡೋಣಿಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ತೋಟದ ಕರಿ ದ್ರಾಕ್ಷಿಯನ್ನು ಏನೂ ಹಚ್ಚದೆ ನೆರಳಿನಲ್ಲಿ ಒಣಗಿಸುತ್ತಿದ್ದಳು. ಅದನ್ನು ತಂದು, ಕಡ್ಡಿ ಕಸ ಆರಿಸಿ, ಮೊದಲ ನಾಲ್ಕು ಪೀಪಾಯಿಗಳನ್ನು ನನ್ನ ಕೈಯಾರೆ ತುಂಬಿದೆ. ಅಷ್ಟರಲ್ಲಿ ನನ್ನ ತಂದೆ ತೀರಿಕೊಂಡರು. ನಾನು ಮನೆಯಲ್ಲಿದ್ದ ದಿನಗಳಲ್ಲಿ ಉಳಿದ ಪೀಪಾಯಿಗಳನ್ನೆಲ್ಲ ಸಾವ್ಕಾರ್ರು ತಾವೇ ನಿಂತು ತುಂಬಿಸಿದರು.

ಕೆಲವು ತಿಂಗಳ ನಂತರ ಆ ಹೊಸ ಪೀಪಾಯಿಗಳ ರುಚಿ ನೋಡಿದೆ. ಕೊನೆಯಲ್ಲಿ ಸಬಕಾರ, ಸಾಬೂನಿನ ರುಚಿ. ಒಂದರಲ್ಲಲ್ಲ, ಎಲ್ಲದರಲ್ಲೂ. ನನ್ನ ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳುವುದು ನನ್ನ ಕೆಲಸ, ಹೇಳಿದೆ. ಸಾವ್ಕಾರ್ರು ಕೋಣೆಯ ಮೇಸ್ತ್ರಿಯನ್ನೂ ಕೆಲಸದವರನ್ನೂ ಕರೆಸಿ ಪೀಪಾಯಿಗಳ ನಡುವೆ ನಿಲ್ಲಿಸಿದರು. ಪೀಪಾಯಿ ತೊಳೆಸುವುದು ಯಾರ ಜವಾಬ್ದಾರಿ ಎಂದು ಕೇಳಿದರು. ನನ್ನದು ಎಂದೆ.

"ತೊಳ್ಸಾಕಿ ನೀನ, ಸಬಕಾರ ಐತಿ ಅನ್ನಾಕಿನೂ ನೀನ," ಎಂದರು. ಆಮೇಲೆ ದನಿ ಎತ್ತಿದರು: "ಹಿಂದ ನಿಂತಾವ್ರೂ ಕೇಳ್ರಿ. ಈಕಿ ಪೀಪಾಯಿಗೆ ಸಬಕಾರ ಹಚ್ಚಿ ಹಂಗ ಬಿಟ್ಟಾಳ. ನನ್ನ ಮಾಲೆಲ್ಲಾ ಕೆಡಿಸ್ಯಾಳ."

ಓಕ್ ಪೀಪಾಯಿಗೆ ಜಗತ್ತಿನಲ್ಲಿ ಯಾರೂ ಸಬಕಾರ ಮುಟ್ಟಿಸುವುದಿಲ್ಲ. ಬಿಸಿನೀರು, ಹಬೆ, ಅಷ್ಟೇ. ಅದನ್ನು ಹೇಳಲು ಬಾಯಿ ತೆರೆದೆ. ಹಾಗಾದರೆ ಈ ರುಚಿ ಎಲ್ಲಿಂದ ಬಂತು ಎಂದು ಕೇಳಿದರು. ಹತ್ತಿರದ ಪೀಪಾಯಿಗೆ ಮತ್ತೆ ಮೂಗು ಹಚ್ಚಿದೆ, ಕಾರಣ ಸಿಗಲಿಲ್ಲ. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ. ತಂದೆ ತೀರಿ ವರ್ಷವೂ ತುಂಬದವಳನ್ನು ಅವತ್ತೇ ಗೇಟಿನ ಹೊರಗೆ ಕಳಿಸಿದರು. ಅಲ್ಲಿಗೆ ಬಿಡಲಿಲ್ಲ. ನಾಸಿಕ, ಪುಣೆ, ಬೆಳಗಾವಿ, ತಮಗೆ ಗೊತ್ತಿದ್ದವರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳಿದರು. ನನ್ನ ಕಸುಬಿನವರ ಬಾಯಲ್ಲಿ ನಾನು ಸಬಕಾರದ ಮೇಡಂ ಆದೆ. ಎರಡು ವರ್ಷ ಬೆಲ್ಲ, ಮಣೂಕ, ಚಹಾಪುಡಿ ನೋಡಿಕೊಂಡು ದಿನ ತಳ್ಳಿದೆ. ಆ ಎರಡು ವರ್ಷ ನಾನು ಅವರನ್ನು ಒಂದು ದಿನವೂ ಮರೆತಿಲ್ಲ. ಕ್ಷಮಿಸಿಬಿಡಬೇಕು ಎಂದು ಹೇಳಿದವರ ಮನೆಗೆ ಹೋಗುವುದನ್ನೂ ಬಿಟ್ಟಿದ್ದೆ.

ಖರೀದಿ ಅಧಿಕಾರಿಗೆ ಇದನ್ನೆಲ್ಲ ಮುಚ್ಚಿಡಲಿಲ್ಲ. ಆ ಮಾಲೀಕರ ಮೇಲೆ ನನಗೆ ಸಿಟ್ಟಿದೆ, ಬೇರೆಯವರನ್ನು ನೋಡಿಕೊಳ್ಳಿ ಎಂದೇ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಈ ಭಾಗದಲ್ಲಿ ಬೇರೆಯವರಿಲ್ಲ, ಸಿಟ್ಟಿದ್ದವರು ಹುಳುಕನ್ನಾದರೂ ಬಿಡುವುದಿಲ್ಲ, ಆದರೆ ಯಾವ ಪೀಪಾಯಿಯದು ಎಂದು ನಿಮಗೆ ಗೊತ್ತಾಗದ ಹಾಗೆ ವ್ಯವಸ್ಥೆ ಮಾಡುತ್ತೇನೆ ಎಂದರು. ಒಪ್ಪಿಕೊಂಡೆ. ಮನಸ್ಸಿನಲ್ಲಿ ನಗುತ್ತಿದ್ದೆ. ಬಾಟಲಿಗೆ ಅವರು ಯಾವ ನಂಬರು ಹಚ್ಚಿದರೂ ಮೂಗಿಗೆ ಪಟ್ಟಿ ಕಟ್ಟಲು ಬರುವುದಿಲ್ಲವಲ್ಲ.

ಮೊದಲ ದಿನ ಬೆಳಿಗ್ಗೆಯೇ ಹೋದೆ, ಹೊಟ್ಟೆ ಖಾಲಿಯಿದ್ದಾಗ ನಾಲಗೆ ಚುರುಕಾಗಿರುತ್ತದೆ. ನನ್ನನ್ನು ಆಫೀಸಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಪೀಪಾಯಿಯ ಮುಖದಲ್ಲಿ ಸಣ್ಣ ತೂತು ಕೊರೆದು ಅದಕ್ಕೊಂದು ಸ್ಟೀಲಿನ ಮೊಳೆ ಬಡಿದಿರುತ್ತಾರೆ. ಮೊಳೆ ಎಳೆದರೆ ಎಳೆಯಾಗಿ ಸ್ಟೌಟ್ ಬರುತ್ತದೆ, ತಳದ ಗಷ್ಟು ಕದಡುವುದಿಲ್ಲ. ಮೇಸ್ತ್ರಿ ಅಲ್ಲಿ ಹಿಡಿದು ತಂದ ಬಾಟಲಿಗಳಿಗೆ ಅಧಿಕಾರಿ ತಾವೇ ಬೇರೆ ನಂಬರು ಹಚ್ಚಿ ನನ್ನ ಮುಂದೆ ಇಟ್ಟರು. ಸಾವ್ಕಾರ್ರು ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ನನ್ನ ಗುರುತು ಹತ್ತಿ ಮುಖದ ಬಣ್ಣ ಬದಲಾಯಿತು. ನಾನು ನಮಸ್ಕಾರ ಮಾಡಿದೆ. ಅಷ್ಟು ಸಾವಕಾಶವಾಗಿ ನಾನು ಯಾರಿಗೂ ನಮಸ್ಕಾರ ಮಾಡಿದವಳಲ್ಲ.

ಸ್ಟೌಟನ್ನು ತಣ್ಣಗಿದ್ದಾಗ ನೋಡಬಾರದು, ತಂಪಿನಲ್ಲಿ ದೋಷ ಅಡಗುತ್ತದೆ. ಹೊಟ್ಟೆ ದಪ್ಪಗಿದ್ದು ಬಾಯಿ ಸಣ್ಣಗಿರುವ ಗ್ಲಾಸಿನಲ್ಲಿ ಸ್ವಲ್ಪ ಹಾಕಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ. ಮೊದಲು ಬಣ್ಣ, ಗ್ಲಾಸಿನ ಗೋಡೆಯ ಮೇಲೆ ಅದು ಇಳಿಯುವ ರೀತಿ. ಆಮೇಲೆ ಮೂಗು, ಮೂರು ಸಣ್ಣ ಎಳೆತ. ಆಮೇಲೆ ಬಾಯಿ. ಉಗುಳಿದ ಮೇಲೂ ಸುಮ್ಮನೆ ಕೂರುತ್ತೇನೆ, ಬೆಲೆ ಇರುವುದು ಉಗುಳಿದ ಮೇಲೆ ಉಳಿಯುವ ರುಚಿಯಲ್ಲಿ. ಎರಡು ಗ್ಲಾಸಿನ ನಡುವೆ ಬೇರೆಯವರು ಬಿಸ್ಕೀಟು ತಿನ್ನುತ್ತಾರೆ. ನಾನು ಉಪ್ಪಿಲ್ಲದ ಜೋಳದ ಕಟಕ ರೊಟ್ಟಿ ಕಡಿಯುತ್ತೇನೆ. ನಾಲಗೆಯನ್ನು ಅದರಷ್ಟು ಚೊಕ್ಕ ಮಾಡುವ ವಸ್ತು ಇನ್ನೊಂದಿಲ್ಲ.

ಮೊದಲನೆಯದರಲ್ಲೇ ಸಬಕಾರ. ಎರಡನೆಯದರಲ್ಲೂ. ಬಾಯಿ ತುಂಬ ಮೇಣ ಮೆತ್ತಿದ ಹಾಗೆ ಮಂದ, ಹಿಂದೆ ಹಳೆಯ ಕಡಲೆಎಣ್ಣೆಯ ಜಿಡ್ಡು. ಪರೀಕ್ಷೆಗೆಂದು ಸ್ವಲ್ಪ ಗ್ಯಾಸು ತುಂಬಿ ಗ್ಲಾಸಿಗೆ ಸುರಿದರೆ ಮೇಲೆ ನಿಲ್ಲಬೇಕಾದ ನೊರೆ ಎದ್ದ ಕೂಡಲೇ ಸತ್ತುಹೋಗುತ್ತಿತ್ತು. ಒಂದಾದ ಮೇಲೊಂದಕ್ಕೆ ಚರಂಡಿ ಎಂದು ಬರೆಯುತ್ತ ಹೋದೆ. ಖುಷಿಯಿಂದ ಬರೆದೆ, ಸುಳ್ಳೇಕೆ ಹೇಳಲಿ. ನಾನು ಪಕ್ಷಪಾತ ಮಾಡಬೇಕಾದ ಅಗತ್ಯವೇ ಇರಲಿಲ್ಲ, ಮಾಲೇ ನನ್ನ ಕೆಲಸ ಮಾಡುತ್ತಿತ್ತು.

ನಡುವೆ ಒಂದು ಗ್ಲಾಸು ಮೂಗಿಗೆ ಬಂದ ಕೂಡಲೇ ಕೈ ನಿಂತಿತು. ಸುಟ್ಟ ಬೆಲ್ಲ, ಹುರಿದ ಕಡಲೆಯ ಸಿಪ್ಪೆ, ಹಳೆಯ ಮರದ ಸಂದೂಕ ತೆಗೆದಾಗ ಬರುವ ವಾಸನೆ, ಅದರ ಹಿಂದೆ ನಿಡೋಣಿಯ ಕರಿ ಮಣೂಕ. ಬಾಯಿಗೆ ಹಾಕಿಕೊಂಡರೆ ಕಹಿ, ಸಿಹಿ, ಹುಳಿ ಒಂದರ ಹಿಂದೊಂದು ಬಂದು ಎಲ್ಲಿಯೂ ಜಗಳವಾಡಲಿಲ್ಲ. ಅದು ನನ್ನ ಪೀಪಾಯಿ. ಅಂಥ ನಾಲ್ಕು ಸಿಕ್ಕವು. ನನ್ನನ್ನು ಹೊರಗೆ ಹಾಕಿದ ಕೋಣೆಯಲ್ಲಿ ಅವು ನಾನಿಲ್ಲದೆಯೂ ಚೆನ್ನಾಗಿ ಬೆಳೆದಿದ್ದವು. ಕಣ್ಣು ತುಂಬಿ ಬಂತು, ಅಧಿಕಾರಿ ನೋಡಬಾರದೆಂದು ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದೆ. ನಾಲ್ಕಕ್ಕೂ ಪೂರ್ತಿ ದರ ಎಂದು ಬರೆದೆ. ಆ ದುಡ್ಡೂ ಸಾವ್ಕಾರ್ರಿಗೇ ಸೇರುತ್ತದೆ ಎಂದು ನೆನಪಾಗಿ ಹೊಟ್ಟೆ ಉರಿಯಿತು.

ನಾಲಗೆ ದಣಿಯುವುದರಿಂದ ಉಳಿದ ಬಾಟಲಿಗಳನ್ನು ಮರುದಿನಕ್ಕೆ ಇಟ್ಟುಕೊಂಡೆವು. ಮರುದಿನ ತಿಕೋಟಾ ದಾಟಿದ ಮೇಲೆ ದ್ರಾಕ್ಷಿ ಕ್ರೇಟು ಹೇರಿದ ಟ್ರ್ಯಾಕ್ಟರಿನ ಹಿಂದೆ ನನ್ನ ಕಾರು ಸಿಕ್ಕಿಕೊಂಡಿತು. ಮಣೂಕದ ಸುಗ್ಗಿ. ರಸ್ತೆಯ ಎರಡೂ ಕಡೆ ಹಸಿರು ಬಲೆ ಹೊದೆಸಿದ ಶೆಡ್ಡುಗಳು, ಅವುಗಳ ಮುಂದೆ ಟಬ್ಬುಗಳಲ್ಲಿ ಹೆಣ್ಣುಮಕ್ಕಳು ದ್ರಾಕ್ಷಿಯನ್ನು ಅದ್ದಿ ಅದ್ದಿ ತೆಗೆಯುತ್ತಿದ್ದರು. ಟ್ರ್ಯಾಕ್ಟರಿನ ಕ್ರೇಟುಗಳಿಂದಲೂ ಆ ಟಬ್ಬಿನ ನೀರೇ ಸೋರುತ್ತಿತ್ತು. ಕಿಟಕಿ ಇಳಿಸಿದ್ದೆ. ಆ ವಾಸನೆ ಒಳಗೆ ಬಂತು, ಮತ್ತು ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಹಿಂದಿನ ದಿನ ಗ್ಲಾಸಿನಲ್ಲಿದ್ದದ್ದು ಇದೇ ವಾಸನೆ, ಮುದಿಯಾಗಿತ್ತು, ಅಷ್ಟೇ ವ್ಯತ್ಯಾಸ.

ನಾನು ಮಣೂಕದ ದಲಾಲನ ಮಗಳು. ನನ್ನ ತಂದೆ ಪೇಟೆಯಲ್ಲಿ ಮಣೂಕದ ಸವಾಲು, ಅಂದರೆ ಹರಾಜು, ಕೂಗಿಸುತ್ತಿದ್ದರು. ಈ ಟಬ್ಬುಗಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದಕ್ಕೇ ಅವು ಕಣ್ಣಿಗೆ ಬಿದ್ದಿರಲಿಲ್ಲ. ದ್ರಾಕ್ಷಿಯ ತೊಗಲಿನ ಮೇಲೆ ಮೇಣದ ಪದರ ಇರುತ್ತದೆ. ಅದು ಬಿಟ್ಟು ಬೇಗ ಒಣಗಲಿ, ಬಣ್ಣ ಹಳದಿಯಾಗಿ ಉಳಿಯಲಿ ಎಂದು ಪೊಟ್ಯಾಷ್ ಎಂಬ ಕ್ಷಾರದ ಪುಡಿ ಮತ್ತು ಡಿಪ್ಪಿಂಗ್ ಆಯಿಲ್ ಎಂಬ ಎಣ್ಣೆ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ತಿನ್ನುವವರಿಗೆ ಅದರಿಂದ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಆದರೆ ಸ್ಟೌಟಿನಲ್ಲಿ ತಿಂಗಳುಗಟ್ಟಲೆ ನೆನೆದರೆ ಒಳಗಿನ ಮದ್ಯ ಆ ಎಣ್ಣೆಯನ್ನು ಎಳೆದು ಹೊರಗೆ ತರುತ್ತದೆ. ಎಣ್ಣೆಗೆ ಕ್ಷಾರ ಸೇರಿದರೆ ಏನಾಗುತ್ತದೆ ಎಂದು ನಮಗೆ ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದರು. ಸಬಕಾರವಾಗುತ್ತದೆ.

ಬ್ರೂವರಿ ಮುಟ್ಟಿದವಳೇ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, ನಾನಿಲ್ಲದಾಗ ಯಾವ ಮಣೂಕ ಹಾಕಿದಿರಿ ಎಂದು ಕೇಳಿದೆ.

"ಹಳದೀವ್ರಿ," ಎಂದ. "ಒಂದನೇ ನಂಬರಿನ ಮಾಲು. ಸಾವ್ಕಾರ್ರು ಖುದ್ದ ನಿಂತ ಸುರುವಿಸ್ಯಾರ."

"ಅವತ್ತ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ ಮೇಡಂ."

ನಮ್ಮ ಕಡೆಯವರಷ್ಟೇ ಮಾಡಬಹುದಾದ ತಪ್ಪು ಅದು. ಇಲ್ಲಿ ಹಳದಿ ಎಂದರೆ ಮೇಲು, ಕರಿ ಎಂದರೆ ಕೀಳು. ನಿಡೋಣಿಯ ಕರಿ ಮಣೂಕವನ್ನು ಪೇಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ತನ್ನ ಮಾಲಿಗೆ ಕೀಳು ಮಣೂಕ ಹಾಕಿದ್ದಾನೆ ಎಂದು ನಾಲ್ಕು ಜನ ಆಡಿಕೊಂಡಾರು ಎಂದು ಸಾವ್ಕಾರ್ರು ತಮ್ಮ ಗೋದಾಮಿನ ಅತ್ಯಂತ ಬೆಲೆಬಾಳುವ ಮಣೂಕವನ್ನು ಧಾರಾಳವಾಗಿ ಸುರಿಸಿದ್ದರು. ಅವರ ದೊಡ್ಡಸ್ತಿಕೆಯೇ ಪೀಪಾಯಿಗಳನ್ನು ಕೆಡಿಸಿತ್ತು. ಅಪವಾದ ಮಾತ್ರ ನನ್ನ ತಲೆಗೆ ಬಂದಿತ್ತು.

ಅವತ್ತು ಮಧ್ಯಾಹ್ನ ಎಲ್ಲ ಬಾಟಲಿ ಮುಗಿದು, ಅಧಿಕಾರಿ ತಮ್ಮ ಗುಟ್ಟಿನ ನಂಬರುಗಳನ್ನು ಬಿಚ್ಚಿ ನನ್ನ ತೀರ್ಪನ್ನು ಸಾವ್ಕಾರ್ರಿಗೆ ತೋರಿಸಿದರು. ನಾಲ್ಕು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಚರಂಡಿ. ಕಾರಣವನ್ನು ನಾನಿನ್ನೂ ಬರೆದಿರಲಿಲ್ಲ. ಸಾವ್ಕಾರ್ರು ಸಿಟ್ಟಾಗಲಿಲ್ಲ. ಹಳೆಯ ವ್ಯಾಪಾರಿ, ತಕ್ಷಣ ಬೇರೆ ದಾರಿ ತೆಗೆದರು. ನಾಲ್ಕು ಒಳ್ಳೆಯ ಪೀಪಾಯಿಗಳನ್ನು ಮಿಕ್ಕವುಗಳ ಜೊತೆ ಬೆರೆಸಿಬಿಡಿ, ಎಲ್ಲವೂ ಸರಿಹೋಗುತ್ತದೆ ಎಂದರು. ಬೆರಕೆ ನಮ್ಮ ಕಸುಬಿನಲ್ಲಿ ಮೋಸವಲ್ಲ, ಎಲ್ಲರೂ ಮಾಡುವ ಕೆಲಸ. ಅಧಿಕಾರಿಗೂ ಆಸೆ ಹುಟ್ಟಿತು. ಅಳತೆಯ ಗಾಜಿನ ಕೊಳವೆಗಳನ್ನು ತರಿಸಿ ಸಣ್ಣ ಪ್ರಮಾಣದಲ್ಲಿ ಬೆರೆಸಿ ನೋಡಿದೆವು. ತೀರಾ ಕೆಟ್ಟವನ್ನು ಬಿಟ್ಟು ಉಳಿದವುಗಳ ಜೊತೆ ನನ್ನ ನಾಲ್ಕನ್ನೂ ಪೂರ್ತಿ ಸುರಿದರೆ ಸಬಕಾರ ಮರೆಯಾಗುತ್ತಿತ್ತು. ನನ್ನ ನಾಲಗೆಗೆ ಸಿಗುತ್ತಿತ್ತು, ಅಧಿಕಾರಿಯ ನಾಲಗೆಗೆ ಸಿಗಲಿಲ್ಲ. ಚೆನ್ನಾಗಿದೆ ಎಂದರು. ನೀವು ಹೂಂ ಎಂದರೆ ಪೂರ್ತಿ ಖರೀದಿಸುತ್ತೇವೆ ಎಂದರು.

ಸಾವ್ಕಾರ್ರು ಮೊದಲ ಸಲ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಹಳೇದೆಲ್ಲಾ ಮನಸಿನ್ಯಾಗ ಇಟ್ಕೋಬ್ಯಾಡ ತಂಗಿ. ನಿಂದೊಂದು ಸಹಿ ಬಿದ್ರ ಎಲ್ಲಾರಿಗೂ ಛಲೋ ಆಗ್ತೈತಿ."

ತಂಗಿ ಎಂಬ ಆ ಮಾತು ಕೇಳಿ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಒಂದು ಯೋಚನೆಯೂ ಬಂತು. ಹೂಂ ಎಂದುಬಿಡಲೇ? ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಬಾಟಲಿ ಸೇರಿ ಅಂಗಡಿಗಳಲ್ಲಿ ನಾಲ್ಕು ತಿಂಗಳು ಬಿಸಿಲು ಸೆಕೆ ಕಂಡರೆ ಮತ್ತೆ ಮೇಲೆ ಬರುತ್ತದೆ. ಊರೂರಿನಲ್ಲಿ ಅವರ ಹೆಸರಿನ ಬಾಟಲಿ ತೆರೆದು ಜನ ಥೂ ಎಂದು ಉಗುಳುತ್ತಾರೆ. ಕಂಪನಿ ಮಾಲು ವಾಪಸು ಕಳಿಸುತ್ತದೆ. ಈ ಮನುಷ್ಯ ಮತ್ತೆ ಏಳುವುದಿಲ್ಲ. ನಾನು ಕಡಿಮೆ ಬೆಲೆ ಕಟ್ಟಿ ಮಾಡಬಹುದಾದ ಹಾನಿಗಿಂತ ಹೆಚ್ಚಿನ ಬೆಲೆ ಕಟ್ಟಿ ಮಾಡುವ ಹಾನಿ ದೊಡ್ಡದಿತ್ತು. ತುಂಬ ಹೊತ್ತು ಆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ಕೊನೆಗೆ, ಬೆರಕೆ ನಿಲ್ಲುತ್ತದೆಯೇ ಎಂದು ನೋಡಲು ಕೆಲವು ದಿನ ಬೇಕು ಎಂದೆ. ಅಬಕಾರಿ ರಿಜಿಸ್ಟರಿನಲ್ಲಿ ಬರೆಸಿ, ಬೆರಕೆಯ ಬಾಟಲಿಗಳಿಗೆ ಸೀಲು ಹಾಕಿಸಿಕೊಂಡು ಬಂದೆ.

ಆ ಬಾಟಲಿಗಳನ್ನು ಕಾರಿನ ಮುಂದಿನ ಗಾಜಿನ ಕೆಳಗೆ ಇಟ್ಟೆ. ನಮ್ಮ ಬಿಸಿಲಿನಲ್ಲಿ ನಿಂತ ಕಾರು ಒಲೆಯಷ್ಟೇ ಬಿಸಿ. ತಿಂಗಳುಗಳಲ್ಲಿ ಆಗಬೇಕಾದ ಕೇಡನ್ನು ಕೆಲವು ದಿನಗಳಲ್ಲಿ ತೋರಿಸುತ್ತದೆ. ಲ್ಯಾಬಿನಲ್ಲಾದರೆ ಇದಕ್ಕೊಂದು ಪೆಟ್ಟಿಗೆ ಇರುತ್ತದೆ. ಆ ಕಾರಿನಲ್ಲೇ ಬಬಲೇಶ್ವರದ ಮೇಲೆ ಹಾಯ್ದು ನಿಡೋಣಿಗೆ ಹೋಗಿ ಕರಿ ಮಣೂಕ ತಂದೆ. ತೋಟದ ಹೆಣ್ಣುಮಗಳು ನನ್ನನ್ನು ಗುರುತಿಸಿ, ನೀವು ಬಿಟ್ಟ ಮೇಲೆ ಯಾರೂ ಈ ಮಣೂಕ ಕೇಳಿಕೊಂಡು ಬರಲಿಲ್ಲ ಎಂದಳು. ಪೇಟೆಯಿಂದ ಒಂದನೇ ನಂಬರಿನ ಹಳದಿಯನ್ನೂ ಕೊಂಡೆ. ಒಂದೊಂದು ಬೋಗುಣಿ ಬಿಸಿನೀರಿನಲ್ಲಿ ಎರಡನ್ನೂ ಬೇರೆ ಬೇರೆ ನೆನೆಹಾಕಿ ಅಡಿಗೆಮನೆಯ ಕಿಟಕಿಯ ಬೆಳಕಿಗೆ ಇಟ್ಟೆ. ಕರಿಯದರ ನೀರು ಬರೀ ಕಂದಾಯಿತು. ಹಳದಿಯದರ ಮೇಲೆ ತೆಳ್ಳಗೆ ಎಣ್ಣೆ ಹೊಳೆಯಿತು.

ತಾಯಿ ರೊಟ್ಟಿ ಬಡಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು. ಏನು ನಡೆದಿದೆ ಎಂದು ಕೇಳಿದಳು, ಹೇಳಿದೆ. ಹೂಂ ಎಂದು ಸಹಿ ಹಾಕಿ ಅವರನ್ನು ಮಣ್ಣುಮುಕ್ಕಿಸುವ ನನ್ನ ಯೋಚನೆಯನ್ನೂ ಹೇಳಿದೆ. ಅವಳು ಬುದ್ಧಿವಾದ ಹೇಳಲಿಲ್ಲ. ದಲಾಲನ ಹೆಂಡತಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು.

"ನಾಕ್ ತಿಂಗಳಿಗೆ ಕೆಡ್ತೈತಿ ಅಂತಿ. ಕೆಟ್ಟಾಗ ಅಂವ ಯಾರ ಹೆಸರ ಹೇಳ್ತಾನ ಬೇ?"

 ನನ್ನ ಹೆಸರನ್ನೇ ಹೇಳುತ್ತಾರೆ. ಛಲೋ ಐತಿ ಎಂದು ಸಹಿ ಹಾಕಿದವಳು ಸಬಕಾರದ ಮೇಡಂ, ಅವಳಿಗೆ ಮೂಗೇ ಇಲ್ಲ ಎನ್ನುತ್ತಾರೆ. ಈ ಸಲ ಅದು ನಿಜವೂ ಆಗಿರುತ್ತದೆ. ನನ್ನ ನಾಲ್ಕು ಪೀಪಾಯಿ ಆ ಜಿಡ್ಡಿನಲ್ಲಿ ಮುಳುಗಿಹೋಗಿರುತ್ತವೆ, ಹಾಗೊಂದು ಸ್ಟೌಟನ್ನು ನಾನು ಮಾಡಿದ್ದೆ ಎನ್ನುವುದಕ್ಕೆ ಗುರುತೂ ಉಳಿಯುವುದಿಲ್ಲ.

"ನಿಮ್ಮಪ್ಪ ಇದ್ದಿದ್ರ ಹಿಡಿ ತಿನ್ನಸ್ತಿದ್ದ," ಎಂದು ತಾಯಿ ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

ಹಿಡಿ ತಿನ್ನಿಸುವುದು ನನ್ನ ತಂದೆಯ ಅಂಗಡಿಯ ಪದ್ಧತಿ. ಮಣೂಕದ ಬಾಕ್ಸು ತೆರೆದಾಗ ಕೊಳ್ಳುವವರು ಮಾಲಿನಲ್ಲಿ ದೋಷವಿದೆ ಎಂದು, ಮಾರುವವರು ಇಲ್ಲ ಎಂದು ಹಟ ಹಿಡಿದರೆ, ತಂದೆ ಮಾರುವವರ ಬಾಕ್ಸಿಗೇ ಕೈ ಹಾಕಿ ಒಂದು ಹಿಡಿ ತೆಗೆದು ಅವರಿಗೇ ಕೊಡುತ್ತಿದ್ದರು. ನೆರೆದವರೆಲ್ಲರ ಮುಂದೆ ಅದನ್ನು ಅಗಿದು ನುಂಗಬೇಕು. ನುಂಗಿದ ಮೇಲೆ ಅವರು ಏನು ಹೇಳುತ್ತಾರೋ ಅದು ತೀರ್ಪು. ತಿನ್ನಲು ಒಲ್ಲೆ ಎಂದರೂ ತೀರ್ಪೇ. ಸಾವ್ಕಾರ್ರು ಆ ಅಂಗಡಿಯಲ್ಲಿ ಎಷ್ಟೋ ವರ್ಷ ಮಾಲು ಮಾರಿದವರು, ಬೇರೆಯವರು ಹಿಡಿ ತಿನ್ನುವುದನ್ನು ನಿಂತು ನೋಡಿ ನಕ್ಕವರು. ರೊಟ್ಟಿ ಬೇಯುವಷ್ಟರಲ್ಲಿ ನನ್ನ ಸೇಡು ಯಾವುದೆಂದು ನನಗೆ ಖಚಿತವಾಯಿತು. ಅವರು ಹಾಳಾಗುವುದು ನನಗೆ ಸಾಲದು. ಕೆಡಿಸಿದ್ದು ತಾವೆಂದು ಅವರ ಬಾಯಿಂದಲೇ ಬರಬೇಕು, ನನ್ನನ್ನು ನಿಲ್ಲಿಸಿದ ಜಾಗದಲ್ಲೇ ಬರಬೇಕು.

ಗೊತ್ತು ಮಾಡಿದ ದಿನ ಹೋಗುವಾಗ ಎರಡು ಬೋಗುಣಿ, ಎರಡು ಪೊಟ್ಟಣ ಮಣೂಕ, ಬಿಸಿನೀರಿನ ಫ್ಲಾಸ್ಕು, ಕಾರಿನ ಬಾಟಲಿಗಳ ಜೊತೆ ನನ್ನ ಬಕೆಟ್ಟನ್ನೂ ತೆಗೆದುಕೊಂಡು ಹೋದೆ. ವರದಿಯಲ್ಲಿ ನಾಲ್ಕು ಪೀಪಾಯಿಗೆ ಪೂರ್ತಿ ದರ, ಉಳಿದದ್ದು ಚರಂಡಿ, ಬೆರೆಸಕೂಡದು ಎಂದು ಬರೆದು, ಕಾರಣದ ಜಾಗದಲ್ಲಿ ಡಿಪ್ಪಿಂಗ್ ಆಯಿಲ್ ಹಚ್ಚಿದ ಹಳದಿ ಮಣೂಕ ಎಂದು ಬರೆದಿದ್ದೆ. ಅಧಿಕಾರಿ ಓದಿ ಸಾವ್ಕಾರ್ರ ಕೈಗೆ ಕೊಟ್ಟರು. ಅವರು ಅದನ್ನು ಮೇಜಿನ ಮೇಲೆ ಬಿಸಾಕಿ, ಇದು ಹಳೆಯ ದ್ವೇಷದ ವರದಿ, ನಾನು ಒಪ್ಪುವುದಿಲ್ಲ ಎಂದರು. ಆ ಮಾತಿಗೇ ನಾನು ಕಾದಿದ್ದೆ.

"ಒಪ್ಪಬ್ಯಾಡ್ರಿ," ಎಂದೆ. "ನಮ್ಮಪ್ಪನ ಅಂಗಡಿ ಪದ್ಧತಿ ನಿಮಗ ಗೊತ್ತೈತಿ. ನಿಮ್ಮ ಮಾಲು ನೀವ ಬಾಯಾಗ ಹಾಕ್ಕೊಂಡ ಹೇಳ್ರಿ. ನೀವು ಛಲೋ ಐತಿ ಅಂದ್ರ ನಾನು ವರದಿ ಹರೀತೀನಿ."

ಅಧಿಕಾರಿಗೆ ಪದ್ಧತಿ ಅರ್ಥವಾಗಲಿಲ್ಲ, ವಿವರಿಸಿದೆ. ಅವರಿಗೆ ಇಷ್ಟವಾಯಿತು. ಒಲ್ಲೆ ಎನ್ನಲು ಸಾವ್ಕಾರ್ರಿಗೆ ದಾರಿ ಇರಲಿಲ್ಲ. ಜಾಗ ನಾನೇ ಹೇಳಿದೆ, ಪೀಪಾಯಿಗಳ ಕೋಣೆ. ಮೇಸ್ತ್ರಿ ಕೆಲಸದವರನ್ನೆಲ್ಲ ಕರೆತಂದ, ನಾನು ಹೇಳದೆಯೇ. ಎರಡು ವರ್ಷದ ಹಿಂದೆ ನಿಂತವರೇ ಹೆಚ್ಚುಕಡಿಮೆ ಅದೇ ಸಾಲುಗಳಲ್ಲಿ ನಿಂತರು.

ಮೊದಲು ಬೋಗುಣಿಗಳಿಗೆ ಬಿಸಿನೀರು ಹಾಕಿ ಎರಡೂ ಮಣೂಕ ಬಿಟ್ಟೆ. ಕೋಣೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಳದಿಯ ನೀರಿನ ಮೇಲೆ ಎಣ್ಣೆ ಬಿಚ್ಚಿಕೊಳ್ಳುವುದನ್ನು ಎಲ್ಲರೂ ಬಗ್ಗಿ ನೋಡಿದರು. ಇದನ್ನು ಎಲ್ಲಿ ಅದ್ದುತ್ತಾರೆ, ಯಾತರಲ್ಲಿ ಅದ್ದುತ್ತಾರೆ ಎಂದು ಅಲ್ಲಿದ್ದ ಯಾರಿಗೂ ಹೇಳಿಕೊಡುವ ಅಗತ್ಯವಿರಲಿಲ್ಲ. ಸುಗ್ಗಿಯಲ್ಲಿ ಅವರ ಮನೆಯವರೇ ಅದ್ದುತ್ತಾರೆ. ಆಮೇಲೆ ಎರಡು ಗ್ಲಾಸು. ಮೊದಲನೆಯದು ನನ್ನ ಪೀಪಾಯಿಯದು. ಸಾವ್ಕಾರ್ರು ಕುಡಿದು, ಇದು ನನ್ನ ಮಾಲು, ಇದಕ್ಕೇನಾಗಿದೆ ಎಂದು ಎಲ್ಲರತ್ತ ನೋಡಿದರು. ಅದು ಕರಿ ಮಣೂಕದ್ದು ಎಂದು ಮೇಸ್ತ್ರಿ ಹಿಂದಿನಿಂದ ಹೇಳಿದ. ಎರಡು ವರ್ಷ ತಡವಾಗಿ ಬಂದ ಆ ಮಾತನ್ನು ನಾನು ಇಟ್ಟುಕೊಂಡೆ.

ಎರಡನೆಯ ಗ್ಲಾಸಿಗೆ ಬಿಸಿಲಿನಲ್ಲಿ ಬೆಂದ ಬೆರಕೆಯನ್ನು ಸುರಿದೆ, ಅವರು ನನ್ನ ಸಹಿ ಕೇಳಿದ್ದ ಅದೇ ಬೆರಕೆ. ನೊರೆ ಎದ್ದು ಸತ್ತಿತು. ಅವರು ದೊಡ್ಡ ಗುಟುಕನ್ನೇ ತೆಗೆದುಕೊಂಡರು, ಧೈರ್ಯ ತೋರಿಸಬೇಕಿತ್ತಲ್ಲ. ಬಾಯಿ ಮುಚ್ಚಿದ ಮೇಲೆ ಕೆನ್ನೆ ನಿಂತುಬಿಟ್ಟವು. ಕಣ್ಣು ಅತ್ತಿತ್ತ ಹೊರಳಿ ಬಕೆಟ್ಟನ್ನು ಹುಡುಕಿದವು. ಬಕೆಟ್ಟು ಅವರ ಪಕ್ಕದಲ್ಲೇ ಇತ್ತು. ನಾನು ಅದನ್ನು ಕಾಲಿನಿಂದ ನನ್ನ ಕಡೆಗೆ ಎಳೆದುಕೊಂಡೆ. ಅಷ್ಟು ಜನರ ಮುಂದೆ ಸ್ವಂತ ಮಾಲನ್ನು ನೆಲಕ್ಕೆ ಉಗುಳಲಾಗದೆ ಅವರು ನುಂಗಿದರು. ಅದು ಗಂಟಲಲ್ಲಿ ಇಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಎರಡು ವರ್ಷದಲ್ಲಿ ನನ್ನ ಹೊಟ್ಟೆ ತಣ್ಣಗಾದದ್ದು ಆಗ.

"ಏನೈತ್ರಿ ಅದರಾಗ?" ಎಂದು ಕೇಳಿದೆ.

ಅಂಗೈಯಿಂದ ಬಾಯಿ ಒರೆಸಿಕೊಂಡರು. "ಸಬಕಾರ," ಎಂದರು.

"ಪೀಪಾಯಿ ತೊಳದದ್ದೋ, ಮಣೂಕದ್ದೋ?"

ಬೋಗುಣಿಯ ಕಡೆ ನೋಡಿದರು. "ಮಣೂಕದ್ದು."

"ಹಳದಿ ಮಣೂಕ ಯಾರು ಹಾಕ್ಸಿದ್ರಿ?"

ಅವರ ತುಟಿ ಅಲುಗಿತು. ನನಗೆ ಕೇಳಿಸಿತು, ಅಧಿಕಾರಿಗೂ ಕೇಳಿಸಿರಬೇಕು.

"ಜೋರ ಹೇಳ್ರಿ ಸಾವ್ಕಾರ್ರ," ಎಂದೆ. "ಹಿಂದ ನಿಂತಾವ್ರಿಗೂ ಕೇಳ್ಬೇಕು."

"ನಾನ ಹಾಕ್ಸೀನಿ," ಎಂದರು. "ಈಕಿದೇನೂ ತಪ್ಪಿಲ್ಲ."

ಮಾತು ಕೋಣೆಯ ಕೊನೆಯ ಗೋಡೆಯವರೆಗೂ ಹೋಯಿತು. ಆಮೇಲೆ ನಾನು ಅವರಿಗೆ ಬಾಯಿ ತೊಳೆದುಕೊಳ್ಳಲು ಒಂದು ಲೋಟ ನೀರು ಕೊಟ್ಟು, ಬಕೆಟ್ಟನ್ನು ಅವರ ಕಡೆಗೆ ಸರಿಸಿದೆ.